ನಿನ್ನ ಸಹೋದರನಿಗೇ ಹೇಳು



ಹಿಂದೆ ನಾನು ಸೇವೆಯಲ್ಲಿದ್ದ ಒಂದು ಧರ್ಮಕೇಂದ್ರದಲ್ಲಿ ವಯಸ್ಸಾದ ತಾಯಿಯೊಬ್ಬರು ಇದ್ದರು. 2023ರ ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನನೋತ್ಸವದ ದಿನ. ಬಲಿಪೂಜೆ, ತೆನೆಯ ಆಶೀರ್ವಾದ ಎಲ್ಲಾ ಮುಗಿಸಿಕೊಂಡು ಅವರ ಮನೆಗೆ ಹೋದೆ. ಹೊಸ ಭತ್ತದ ಕಾಳು ಹಾಕಿದ ಪಾಯಸ ಸಿದ್ಧವಾಗಿತ್ತು, ಎಲೆಗಳನ್ನು ಹಾಸಿಯಾಗಿತ್ತು. ಆದರೆ ಊಟಕ್ಕೆ ಕುಳಿತವರು ಅರ್ಧ ಮನೆಯವರು ಮಾತ್ರ.

"ದೊಡ್ಡವನು ಬರಲಿಲ್ಲ ಸ್ವಾಮಿ" ಎಂದರು ಆ ತಾಯಿ.

"ಜಾಗದ ಜಗಳವೇನಮ್ಮಾ?" ಎಂದು ಕೇಳಿದೆ.

"ಜಾಗದ್ದಾಗಿದ್ದರೆ ನೀವೇ ನಿಂತು ಅಳೆಸಿ ಕೊಡಬಹುದಿತ್ತು. ಇದು ಓಟಿನ ಜಗಳ."

ನಡೆದದ್ದಿಷ್ಟು. ಆ ವರ್ಷದ ಮೇ ತಿಂಗಳಿನಲ್ಲಿ ವಿಧಾನಸಭೆಗೆ ಚುನಾವಣೆ ನಡೆದಿತ್ತು. ಅಣ್ಣ ಒಂದು ಪಕ್ಷ, ತಮ್ಮ ಇನ್ನೊಂದು ಪಕ್ಷ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ತಮ್ಮ ಅಣ್ಣನನ್ನು ಕುರಿತು 'ಮಾರಿಕೊಂಡವನು' ಎಂದು ಬರೆದುಬಿಟ್ಟ. ಆ ಗುಂಪಿನಲ್ಲಿ ನಲವತ್ತು ಮಂದಿ ಇದ್ದರು. ಅಳಿಯಂದಿರು, ಸೊಸೆಯಂದಿರು, ದುಬೈಯಲ್ಲಿರುವ ಮೊಮ್ಮಕ್ಕಳು. ಅಣ್ಣ ಗುಂಪು ಬಿಟ್ಟ. ಆಮೇಲೆ ತಾಯಿಯ ಮನೆಯ ಹೊಸ್ತಿಲನ್ನೂ ಬಿಟ್ಟ.

ಸೋಜಿಗವೆಂದರೆ, ಈ ಅಣ್ಣತಮ್ಮಂದಿರು ಹಿಂದೆ ಎಂದೂ ಒಂದೇ ಪಕ್ಷಕ್ಕೆ ಓಟು ಹಾಕಿದವರಲ್ಲ. ಮೂವತ್ತು ವರ್ಷ ಅದೇ ಮನೆಯ ಜಗಲಿಯಲ್ಲಿ ಕುಳಿತು ಗಂಟಲು ಹರಿಯುವಂತೆ ವಾದ ಮಾಡಿದ್ದರು. ವಾದ ಮುಗಿದ ಮೇಲೆ ಒಟ್ಟಿಗೆ ಊಟ ಮಾಡಿ ಏಳುತ್ತಿದ್ದರು. ಹಾಗಾದರೆ ಈಗ ಬದಲಾದದ್ದು ಏನು? ಭಿನ್ನಾಭಿಪ್ರಾಯ ಹೊಸದಲ್ಲ, ಕೋಪವೂ ಹೊಸದಲ್ಲ. ಬದಲಾದದ್ದು ಒಂದೇ: ತಮ್ಮನ ಮಾತು ಅಣ್ಣನನ್ನು ಕುರಿತದ್ದಾಗಿದ್ದರೂ ಅಣ್ಣನಿಗೆ ಹೇಳಿದ್ದಾಗಿರಲಿಲ್ಲ. ನೋಡುತ್ತಿದ್ದ ನಲವತ್ತು ಜನರಿಗಾಗಿ ಆಡಿದ ಮಾತು ಅದು.

ನಮ್ಮ ದೇಶದ ರಾಜಕೀಯ ಚರ್ಚೆಗಳಿಗೆ ಬಂದಿರುವ ರೋಗವೂ ಇದೇ ಎಂದು ನನಗೆ ತೋರುತ್ತದೆ. ಈ ರೋಗವನ್ನು ಅರಿಯಬೇಕಾದರೆ, ಆರೋಗ್ಯವಾಗಿದ್ದ ಒಂದು ಚರ್ಚೆ ಹೇಗಿತ್ತೆಂದು ಮೊದಲು ನೋಡೋಣ. ಅದಕ್ಕಾಗಿ ದೂರದ ದೇಶಕ್ಕೆ ಹೋಗಬೇಕಾಗಿಲ್ಲ. ನಮ್ಮ ಸಂವಿಧಾನವನ್ನು ರೂಪಿಸಿದ ಸಭೆಯೇ ಸಾಕು.

ಬೆಂಕಿಯ ನಡುವೆ ಒಂದು ಸಭೆ

ಸಂವಿಧಾನ ರಚನಾ ಸಭೆ ಮೊದಲ ಬಾರಿಗೆ ಸೇರಿದ್ದು 1946ರ ಡಿಸೆಂಬರ್ 9ರಂದು, ದೆಹಲಿಯಲ್ಲಿ. ಇಂದು 'ಸಂವಿಧಾನ ಸದನ' ಎಂದು ಕರೆಯಲಾಗುವ ಹಳೆಯ ಸಂಸತ್ ಭವನದ ಮಧ್ಯದ ಸಭಾಂಗಣವೇ ಆ ಸ್ಥಳ. 1949ರ ನವೆಂಬರ್ 26ರಂದು ಅದು ಸಂವಿಧಾನವನ್ನು ಅಂಗೀಕರಿಸಿತು. ಸುಮಾರು ಮೂರು ವರ್ಷಗಳ ಅವಧಿಯಲ್ಲಿ ಕರಡಿಗೆ 7,635 ತಿದ್ದುಪಡಿಗಳ ಸೂಚನೆ ಬಂತು. ಅವುಗಳಲ್ಲಿ 2,473 ತಿದ್ದುಪಡಿಗಳು ಸಭೆಯ ಮುಂದೆ ಮಂಡನೆಯಾದವು. ಎಲ್ಲರೂ ತಲೆಯಾಡಿಸುವ ಸಭೆ ಅದಾಗಿರಲಿಲ್ಲ ಎಂಬುದಕ್ಕೆ ಈ ಸಂಖ್ಯೆಗಳೇ ಸಾಕ್ಷಿ.

ಆ ಕಾಲ ಶಾಂತವಾಗಿತ್ತೇ? ಇಲ್ಲ. ದೇಶ ಇಬ್ಭಾಗವಾಯಿತು. ಲಕ್ಷಾಂತರ ಜನ ಮನೆ ಮಠ ಕಳೆದುಕೊಂಡು ಗಡಿ ದಾಟಿದರು, ಬೀದಿಗಳಲ್ಲಿ ನೆತ್ತರು ಹರಿಯಿತು. 1948ರ ಜನವರಿ 30ರಂದು ಮಹಾತ್ಮ ಗಾಂಧಿಯವರ ಹತ್ಯೆಯಾಯಿತು. "ಈಗಿನ ವಿಷಯಗಳು ಅಷ್ಟು ಗಂಭೀರ, ಆದ್ದರಿಂದ ಮಾತು ಒರಟಾಗುತ್ತದೆ" ಎಂದು ಹೇಳುವವರು ಈ ಸಭೆಯನ್ನು ನೆನೆಯಬೇಕು. ಅದಕ್ಕಿಂತ ಗಂಭೀರವಾದ ವಿಷಯ ಯಾವುದಿತ್ತು?

ಸಭೆಯ ಮೊದಲ ದಿನಗಳ ಒಂದು ಘಟನೆ. ಮುಸ್ಲಿಂ ಲೀಗ್ ಸದಸ್ಯರು ಸಭೆಗೆ ಬಂದಿರಲಿಲ್ಲ. ಸಂವಿಧಾನದ ಗುರಿಗಳನ್ನು ಸಾರುವ ನಿರ್ಣಯವನ್ನು ಡಿಸೆಂಬರ್ 13ರಂದು ಜವಾಹರಲಾಲ್ ನೆಹರೂ ಮಂಡಿಸಿದರು. ಬಾರದವರಿಗಾಗಿ ಸ್ವಲ್ಪ ಕಾಯೋಣ ಎಂದು ಎಂ.ಆರ್. ಜಯಕರ್ ತಿದ್ದುಪಡಿ ತಂದಾಗ ಸಭೆ ಸಿಡಿಮಿಡಿಗೊಂಡಿತು. ಡಿಸೆಂಬರ್ 17ರಂದು ಅಧ್ಯಕ್ಷರು ಅನಿರೀಕ್ಷಿತವಾಗಿ ಡಾ. ಬಿ.ಆರ್. ಅಂಬೇಡ್ಕರ್ ಅವರನ್ನು ಮಾತನಾಡಲು ಕರೆದರು. ಕಾಂಗ್ರೆಸ್ಸನ್ನು ಅತ್ಯಂತ ಕಟುವಾಗಿ ಟೀಕಿಸುತ್ತಾ ಬಂದವರು ಅವರು. ಆದರೆ ಆ ದಿನ ಅವರು ಆಡಿದ್ದು ಒಗ್ಗಟ್ಟಿನ ಮಾತು. ಘೋಷಣೆಗಳನ್ನು ಬಿಡೋಣ, ಜನರಿಗೆ ಭಯ ಹುಟ್ಟಿಸುವ ಪದಗಳನ್ನು ಬಿಡೋಣ, ಎದುರಾಳಿಗಳ ಪೂರ್ವಗ್ರಹಗಳಿಗೂ ಸ್ವಲ್ಪ ಬಿಟ್ಟುಕೊಟ್ಟು ಅವರನ್ನು ಒಳಗೆ ಕರೆದುಕೊಳ್ಳೋಣ ಎಂಬುದು ಅವರ ಮಾತಿನ ಸಾರ. ಮತಕ್ಕೆ ಹಾಕುವುದನ್ನು ಸಭೆ ಮುಂದೂಡಿತು. ನಿರ್ಣಯ ಅಂಗೀಕಾರವಾದದ್ದು 1947ರ ಜನವರಿ 22ರಂದು.

ಎದುರಾಳಿಗಳೂ ಆ ಮಾತನ್ನು ಮರೆಯಲಿಲ್ಲ. ಬಂಗಾಳ ವಿಭಜನೆಯಾದಾಗ ಅಂಬೇಡ್ಕರರು ತಮ್ಮ ಸ್ಥಾನ ಕಳೆದುಕೊಂಡರು. ಆಗ ಅವರನ್ನು ಮುಂಬಯಿ ಪ್ರಾಂತ್ಯದಿಂದ ಮತ್ತೆ ಸಭೆಗೆ ಆರಿಸಿ ಕಳುಹಿಸಿದ್ದು ಅವರು ಟೀಕಿಸುತ್ತಿದ್ದ ಅದೇ ಕಾಂಗ್ರೆಸ್. ಮುಂದೆ ಅವರು ದೇಶದ ಮೊದಲ ಕಾನೂನು ಸಚಿವರಾದರು, ಕರಡು ಸಮಿತಿಯ ಅಧ್ಯಕ್ಷರಾದರು.

ದೇವರ ಹೆಸರಿಗೂ ಮತದಾನ

ಸಭೆಯಲ್ಲಿ ಹರಿ ವಿಷ್ಣು ಕಾಮತ್ ಎಂಬ ಸದಸ್ಯರಿದ್ದರು. 1907ರಲ್ಲಿ ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು, ಐ.ಸಿ.ಎಸ್. ಹುದ್ದೆಗೆ ರಾಜೀನಾಮೆ ಕೊಟ್ಟು ಸ್ವಾತಂತ್ರ್ಯ ಹೋರಾಟಕ್ಕೆ ಬಂದವರು. 1949ರ ಅಕ್ಟೋಬರ್ 17ರಂದು ಸಂವಿಧಾನದ ಪೀಠಿಕೆ ಚರ್ಚೆಗೆ ಬಂದಾಗ, ಅದು ದೇವರ ನಾಮದಿಂದ ಆರಂಭವಾಗಬೇಕು ಎಂದು ಅವರು ತಿದ್ದುಪಡಿ ತಂದರು.

ಪ್ರಿಯರೇ, ಇಂತಹ ಪ್ರಸ್ತಾಪ ಈಗ ಒಂದು ಟಿ.ವಿ. ಚರ್ಚೆಗೆ ಬಂದರೆ ಏನಾದೀತು ಎಂದು ಊಹಿಸಿಕೊಳ್ಳಿ. ಯಾರು ದೇಶದ್ರೋಹಿ, ಯಾರು ಧರ್ಮದ್ರೋಹಿ ಎಂಬ ಪಟ್ಟಿ ಹತ್ತು ನಿಮಿಷದಲ್ಲಿ ಸಿದ್ಧವಾಗುತ್ತಿತ್ತು. ಅಂದು ಆದದ್ದೇನು? ತಿರುವಾಂಕೂರಿನ ತಾಣು ಪಿಳ್ಳೈ ಎದ್ದು, ನಂಬಿಕೆ ಎಂಬುದು ಒತ್ತಾಯವಾಗಬಾರದು ಎಂದರು. ಅಸ್ಸಾಮಿನ ರೋಹಿಣಿ ಕುಮಾರ್ ಚೌಧರಿ ತಾವು ಶಕ್ತಿಯ ಆರಾಧಕರು, ಹಾಗಾದರೆ ದೇವಿಯ ಹೆಸರೂ ಬೇಡವೇ ಎಂದು ಕೇಳಿದರು. ಹೃದಯನಾಥ ಕುಂಜ್ರು ಅವರಿಗೆ ಇಂತಹ ವಿಷಯ ಮತಕ್ಕೆ ಬಂದದ್ದೇ ನೋವು ತಂದಿತ್ತು. ಪೀಠಿಕೆಯೇ ಸಾರುವ ವಿಚಾರ ಮತ್ತು ನಂಬಿಕೆಯ ಸ್ವಾತಂತ್ರ್ಯಕ್ಕೆ ಇದು ಹೊಂದುವುದಿಲ್ಲ ಎಂದು ಅವರು ವಾದಿಸಿದರು. ದೇವರ ಮೇಲೆ ಮತ ಹಾಕುವ ಮುಜುಗರಕ್ಕೆ ನಮ್ಮನ್ನು ಗುರಿಮಾಡಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಕಾಮತರನ್ನೇ ಕೇಳಿಕೊಂಡರು. ಅಧ್ಯಕ್ಷ ರಾಜೇಂದ್ರ ಪ್ರಸಾದರೂ ಮನವಿ ಮಾಡಿದರು. ಕಾಮತ್ ಒಪ್ಪಲಿಲ್ಲ, ಮತ ಎಣಿಸಲೇಬೇಕು ಎಂದರು. ಪರವಾಗಿ 41, ವಿರುದ್ಧವಾಗಿ 68. ಪ್ರಸ್ತಾಪ ಬಿದ್ದುಹೋಯಿತು. ಇದು ನಮ್ಮ ಚರಿತ್ರೆಯಲ್ಲಿ ಕಪ್ಪು ದಿನ, ದೇವರು ಭಾರತವನ್ನು ಕಾಪಾಡಲಿ ಎಂದು ಹೇಳಿ ಅವರು ಕುಳಿತರು.

ಸೋತವರಿಗೆ ನೋವಾಯಿತು, ನಿಜ. ಆದರೆ ಪ್ರಸ್ತಾಪವನ್ನು ವಿರೋಧಿಸಿದವರನ್ನು ನಾಸ್ತಿಕರೆಂದು ಹಳಿದು ಸಭೆಯಿಂದ ಹೊರದೂಡಲಿಲ್ಲ. ಅದನ್ನು ತಂದವರನ್ನು ಮೂಢರೆಂದು ಗೇಲಿ ಮಾಡಿ ಮೂಲೆಗೆ ತಳ್ಳಲಿಲ್ಲ. ಐದು ವಾರಗಳ ನಂತರ, ನವೆಂಬರ್ 25ರಂದು, ಅಂಬೇಡ್ಕರರು ತಮ್ಮ ಸಮಾರೋಪ ಭಾಷಣ ಮಾಡಿದರು. ಸಭೆಯಲ್ಲಿ ತಮ್ಮನ್ನು ಸತತವಾಗಿ ಪ್ರಶ್ನಿಸಿ ಕಾಡಿದ 'ಬಂಡಾಯಗಾರ'ರಿಗೆ ಹೆಸರು ಹೇಳಿ ಕೃತಜ್ಞತೆ ಸಲ್ಲಿಸಿದರು. ಅವರು ಹೇಳಿದ ಮೊದಲ ಹೆಸರು ಕಾಮತರದ್ದು. ಅವರ ಸಲಹೆಗಳನ್ನು ನಾನು ಒಪ್ಪದಿದ್ದ ಮಾತ್ರಕ್ಕೆ ಅವುಗಳ ಬೆಲೆ ಕಡಿಮೆಯಾಗುವುದಿಲ್ಲ ಎಂಬರ್ಥದ ಮಾತನ್ನೂ ಸೇರಿಸಿದರು.

ನಮ್ಮ ಪರವಾಗಿ ಎದ್ದು ನಿಂತವರು

ಇನ್ನೊಂದು ಚರ್ಚೆ ನಮ್ಮ ಧರ್ಮಸಭೆಯ ಬದುಕಿಗೇ ಸಂಬಂಧಿಸಿದ್ದು. ಇಂದಿನ ಸಂವಿಧಾನದ 25ನೇ ವಿಧಿ, ಯಾವುದೇ ಧರ್ಮವನ್ನು ನಂಬುವ, ಆಚರಿಸುವ ಮತ್ತು ಪ್ರಚಾರ ಮಾಡುವ ಹಕ್ಕನ್ನು ಕೊಡುತ್ತದೆ. 'ಪ್ರಚಾರ' ಎಂಬ ಆ ಒಂದು ಪದ 1948ರ ಡಿಸೆಂಬರಿನಲ್ಲಿ ದೊಡ್ಡ ವಾದಕ್ಕೆ ಕಾರಣವಾಯಿತು. ಧರ್ಮ ಮನುಷ್ಯನಿಗೂ ಸೃಷ್ಟಿಕರ್ತನಿಗೂ ನಡುವಿನ ಖಾಸಗಿ ವಿಷಯ ಎಂದು ಬಿಹಾರದ ತಜಮ್ಮುಲ್ ಹುಸೇನ್ ವಾದಿಸಿದರು. ಆ ಪದ ಹಿಂದೂ ಸಂಸ್ಕೃತಿಗೆ ಅಪಾಯ ತರುತ್ತದೆ ಎಂದು ಒರಿಸ್ಸಾದ ಲೋಕನಾಥ ಮಿಶ್ರ ಬಲವಾಗಿ ವಿರೋಧಿಸಿದರು. ಅವರ ಮಾತುಗಳು ಮೃದುವಾಗಿರಲಿಲ್ಲ.

ಆ ದಿನಗಳಲ್ಲಿ ಸಭೆಯ ಅಧ್ಯಕ್ಷಪೀಠದಲ್ಲಿ ಕುಳಿತಿದ್ದವರು ಉಪಾಧ್ಯಕ್ಷ ಡಾ. ಎಚ್.ಸಿ. ಮುಖರ್ಜಿ, ಬಂಗಾಳದ ಕ್ರೈಸ್ತರು. ತಮ್ಮ ಸಮುದಾಯದ ಮೇಲೆ ಅನುಮಾನ ಪಡುವವರಿಗೂ ಮಾತನಾಡಲು ಅವಕಾಶ ಕೊಡುತ್ತಾ ಅವರು ಸಭೆ ನಡೆಸಬೇಕಾಗಿತ್ತು. ಇನ್ನು ಆ ಪದವನ್ನು ಉಳಿಸಲು ಎದ್ದು ನಿಂತವರು ಯಾರು? ಲಕ್ಷ್ಮೀಕಾಂತ ಮೈತ್ರ, ಕೆ.ಎಂ. ಮುನ್ಷಿ, ಟಿ.ಟಿ. ಕೃಷ್ಣಮಾಚಾರಿ. ಇವರಲ್ಲಿ ಒಬ್ಬರೂ ಕ್ರೈಸ್ತರಲ್ಲ. ಕ್ರೈಸ್ತರು ಯಾರಿಗೂ ತೊಂದರೆ ಕೊಡದ ಸಮುದಾಯ ಎಂದು ಮೈತ್ರ ಹೇಳಿದರು. ತಾವು ಸುಮಾರು ಹದಿನಾಲ್ಕು ವರ್ಷ ಕ್ರೈಸ್ತ ವಿದ್ಯಾಸಂಸ್ಥೆಗಳಲ್ಲಿ ಓದಿದರೂ ತಮ್ಮನ್ನು ಮತಾಂತರಿಸುವ ಪ್ರಯತ್ನ ನಡೆಯಲಿಲ್ಲ ಎಂದು ಕೃಷ್ಣಮಾಚಾರಿ ಸಾಕ್ಷಿ ನುಡಿದರು. ಈ ಪದ ಅಲ್ಪಸಂಖ್ಯಾತರೊಂದಿಗೆ ಮಾಡಿಕೊಂಡ ಒಡಂಬಡಿಕೆಯ ಫಲ, ಅದನ್ನು ಮುರಿಯಬಾರದು ಎಂದು ಮುನ್ಷಿ ನೆನಪಿಸಿದರು. ಪದ ಉಳಿಯಿತು.

ಮರು ವರ್ಷ ಇದಕ್ಕೆ ಪ್ರತಿಸ್ಪಂದನ ನಮ್ಮವರಿಂದ ಬಂತು. ಶಾಸನಸಭೆಗಳಲ್ಲಿ ಕ್ರೈಸ್ತರಿಗೆ ಮೀಸಲು ಸ್ಥಾನಗಳನ್ನು ಇಡಬೇಕೆಂದು 1947ರಲ್ಲಿ ತೀರ್ಮಾನವಾಗಿತ್ತು. 1949ರ ಮೇ ತಿಂಗಳಲ್ಲಿ ಧಾರ್ಮಿಕ ಅಲ್ಪಸಂಖ್ಯಾತರ ಮೀಸಲು ಸ್ಥಾನಗಳನ್ನು ಕೈಬಿಡುವ ಪ್ರಸ್ತಾಪವನ್ನು ಸಲಹಾ ಸಮಿತಿಯ ಮುಂದಿಟ್ಟವರು ಅದೇ ಮುಖರ್ಜಿಯವರು. ಯೇಸುಸಭೆಯ ಯಾಜಕರಾದ ಪೂಜ್ಯ ಜೆರೋಮ್ ಡಿಸೋಜರೂ ಅದನ್ನು ಬೆಂಬಲಿಸಿದರು. 1897ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಮದರಾಸಿನ ಲೊಯೊಲಾ ಕಾಲೇಜನ್ನು ಮುನ್ನಡೆಸಿ, ಮದರಾಸು ಪ್ರಾಂತ್ಯದಿಂದ ಆ ಸಭೆಗೆ ಆಯ್ಕೆಯಾದವರು ಅವರು. ಮುಂದೆ ವಿಶ್ವಸಂಸ್ಥೆಯ ಮಹಾಸಭೆಯಲ್ಲೂ ಭಾರತದ ನಿಯೋಗದಲ್ಲಿದ್ದರು. ಮೀಸಲು ಸ್ಥಾನ ಬಿಟ್ಟುಕೊಟ್ಟದ್ದು ಸರಿಯೋ ತಪ್ಪೋ ಎಂದು ಇಂದಿಗೂ ವಾದಿಸಬಹುದು. ಎದುರಿನವರ ಮಾತನ್ನು ನಂಬಬಹುದು ಎಂಬ ಧೈರ್ಯ ಇಲ್ಲದಿದ್ದರೆ ಅಂತಹ ತೀರ್ಮಾನ ಸಾಧ್ಯವೇ ಇರಲಿಲ್ಲ ಎಂಬುದಂತೂ ಸತ್ಯ.

ಎಲ್ಲಿ ಹಾದಿ ತಪ್ಪಿತು?

ಈಗ ನಮ್ಮ ಕಾಲಕ್ಕೆ ಬರೋಣ. 2020ರ ಡಿಸೆಂಬರ್ 15ರಂದು ಬೆಂಗಳೂರಿನ ವಿಧಾನ ಪರಿಷತ್ತಿನಲ್ಲಿ ಉಪಸಭಾಪತಿಯವರನ್ನು ಪೀಠದಿಂದಲೇ ಎಳೆದು ಇಳಿಸಲಾಯಿತು. 2023ರ ಸೆಪ್ಟೆಂಬರ್ 21ರಂದು ಲೋಕಸಭೆಯಲ್ಲಿ ಚಂದ್ರಯಾನ-3ರ ಯಶಸ್ಸನ್ನು ಕುರಿತ ಚರ್ಚೆ ನಡೆಯುತ್ತಿದ್ದಾಗ ಒಬ್ಬ ಸದಸ್ಯರು ಇನ್ನೊಬ್ಬ ಸದಸ್ಯರನ್ನು ಅವರ ಧರ್ಮ ಹಿಡಿದು ಬೈದರು. ಆ ಪದಗಳನ್ನು ಕಡತದಿಂದ ತೆಗೆಯಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಸಂಸತ್ತಿನ ಭದ್ರತಾ ಲೋಪದ ಬಗ್ಗೆ ಸರ್ಕಾರ ಹೇಳಿಕೆ ಕೊಡಬೇಕೆಂದು ಘೋಷಣೆ ಕೂಗಿ ಕಲಾಪಕ್ಕೆ ಅಡ್ಡಿಪಡಿಸಿದ್ದಕ್ಕಾಗಿ ಎರಡೂ ಸದನಗಳಿಂದ ಒಟ್ಟು 146 ವಿರೋಧಪಕ್ಷದ ಸದಸ್ಯರನ್ನು ಅಮಾನತು ಮಾಡಲಾಯಿತು. ತಪ್ಪು ಯಾವ ಪಕ್ಷದ್ದು ಎಂದು ತೂಗುವುದು ಈ ಲೇಖನದ ಕೆಲಸವಲ್ಲ. ಎಲ್ಲ ಪಕ್ಷಗಳೂ ಒಂದೇ ಇಳಿಜಾರಿನಲ್ಲಿ ಜಾರುತ್ತಿರುವುದಕ್ಕೆ ಕಾರಣಗಳಿವೆ, ಅವನ್ನು ಅರಿಯಬೇಕು.

ಮೊದಲನೆಯದಾಗಿ, ಜೊತೆಯಲ್ಲಿ ಕುಳಿತುಕೊಳ್ಳುವ ದಿನಗಳೇ ಕಡಿಮೆಯಾಗಿವೆ. 1952ರಿಂದ 1957ರವರೆಗಿನ ಮೊದಲ ಲೋಕಸಭೆ 677 ದಿನ ಸೇರಿತ್ತು. 2014ರಿಂದ 2019ರವರೆಗಿನ ಹದಿನಾರನೆಯದು 331 ದಿನ, 2024ರಲ್ಲಿ ಮುಗಿದ ಹದಿನೇಳನೆಯದು 274 ದಿನ. ಕೊನೆಯದಕ್ಕೆ ಕೊರೋನಾ ಕಾಲದ ಅಡ್ಡಿಯೂ ಇತ್ತು, ಆದರೆ ಇಳಿಕೆ ಅದಕ್ಕೂ ಹಿಂದೆಯೇ ಆರಂಭವಾಗಿತ್ತು. ಒಟ್ಟಿಗೆ ಕುಳಿತು ಮಾತನಾಡದವರು ಒಬ್ಬರನ್ನೊಬ್ಬರು ಅರಿಯುವುದು ಹೇಗೆ?

ಎರಡನೆಯದು, ಸ್ಥಾಯಿ ಸಮಿತಿಗಳು. ಇಲಾಖೆಗಳ ಸ್ಥಾಯಿ ಸಮಿತಿಗಳು ಆರಂಭವಾದದ್ದು 1993ರಲ್ಲಿ. ಅಲ್ಲಿ ಟಿ.ವಿ. ಕ್ಯಾಮೆರಾ ಇಲ್ಲ. ಬೇರೆ ಬೇರೆ ಪಕ್ಷದ ಸದಸ್ಯರು ಒಂದು ಮೇಜಿನ ಸುತ್ತ ಕುಳಿತು ಮಸೂದೆಯನ್ನು ಸಾಲು ಸಾಲಾಗಿ ಓದುತ್ತಾರೆ. ನೋಡುವವರಿಲ್ಲದ ಕಡೆ ಬೈಗುಳಕ್ಕೆ ಬೆಲೆ ಇಲ್ಲ, ಆದ್ದರಿಂದ ಮಾತು ತಾನಾಗಿಯೇ ಹದಕ್ಕೆ ಬರುತ್ತದೆ. 2009ರಿಂದ 2014ರವರೆಗಿನ ಲೋಕಸಭೆಯ ಅವಧಿಯಲ್ಲಿ ನೂರಕ್ಕೆ 71ರಷ್ಟು ಮಸೂದೆಗಳು ಸಮಿತಿಗಳಿಗೆ ಹೋಗಿದ್ದವು. ಹದಿನೇಳನೆಯ ಲೋಕಸಭೆಯಲ್ಲಿ ಆ ಪ್ರಮಾಣ ನೂರಕ್ಕೆ 16ಕ್ಕೆ ಇಳಿಯಿತು.

ಮೂರನೆಯದು, 1985ರ ಪಕ್ಷಾಂತರ ನಿಷೇಧ ಕಾನೂನು. ಹಣ, ಅಧಿಕಾರಕ್ಕಾಗಿ ಪಕ್ಷ ಬದಲಿಸುವುದನ್ನು ತಡೆಯುವ ಒಳ್ಳೆಯ ಉದ್ದೇಶದಿಂದ ಬಂದದ್ದು. ಆದರೆ ಪಕ್ಷದ ಆಜ್ಞೆಗೆ ವಿರುದ್ಧವಾಗಿ ಮತ ಹಾಕಿದರೆ ಸದಸ್ಯತ್ವವೇ ಹೋಗಬಹುದು. ಪಕ್ಷದ ಶಿಸ್ತು ಹಿಂದೆಯೂ ಇತ್ತು, ಈಗ ಅದಕ್ಕೆ ಕಾನೂನಿನ ಬಲ ಬಂತು. ಎಷ್ಟೇ ಚೆನ್ನಾಗಿ ವಾದಿಸಿದರೂ ಎದುರಿನ ಬೆಂಚಿನ ಒಂದು ಮತವೂ ಬದಲಾಗದು ಎಂದು ಗೊತ್ತಿದ್ದರೆ, ಅವರ ಮನಸ್ಸನ್ನು ಗೆಲ್ಲಲು ಯಾರು ಶ್ರಮಪಡುತ್ತಾರೆ? ಮಾತು ಸದನದ ಹೊರಗಿರುವವರ ಕಡೆಗೆ ತಿರುಗುತ್ತದೆ.

ಹೊರಗಿರುವವರು ಯಾರು? ನಾವೇ. ಎರಡು ಗಂಟೆಯ ಒಳ್ಳೆಯ ಭಾಷಣವನ್ನು ನಾವು ಕೇಳುವುದಿಲ್ಲ. ಅರ್ಧ ನಿಮಿಷದ ಬೈಗುಳದ ತುಣುಕನ್ನು ಹತ್ತು ಜನರಿಗೆ ಕಳುಹಿಸುತ್ತೇವೆ. ಕೆಲವು ವರ್ಷಗಳ ಹಿಂದೆ ಒಬ್ಬ ರಾಜಕಾರಣಿಯನ್ನು ಹೀಯಾಳಿಸುವ ಚಿತ್ರವೊಂದನ್ನು ನಾನೂ ನಗುತ್ತಾ ಕೆಲವರಿಗೆ ಕಳುಹಿಸಿದ್ದೆ. ಮರುದಿನ ಪಾಪನಿವೇದನೆಗೆ ಕುಳಿತುಕೊಳ್ಳುವ ಮುಂಚೆ ಯುವಕನೊಬ್ಬ ಬಂದು, "ಸ್ವಾಮಿ, ಅವರ ಪಕ್ಷಕ್ಕೆ ಓಟು ಹಾಕುವವನು ನಾನು. ನಿಮ್ಮ ಹತ್ತಿರ ಬರಬಹುದೇ?" ಎಂದು ಕೇಳಿದ. ಆ ಪ್ರಶ್ನೆಯನ್ನು ನಾನು ಇಂದಿಗೂ ಮರೆತಿಲ್ಲ.

ಸೌಜನ್ಯ ಎಂದರೆ ಮೌನವಲ್ಲ

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸೌಜನ್ಯದಿಂದ ಮಾತನಾಡು ಎಂಬ ಉಪದೇಶವನ್ನು ಬಲಿಷ್ಠರು ಬಡವರ ಬಾಯಿ ಮುಚ್ಚಿಸಲು ಬಳಸುವುದುಂಟು. ಅನ್ಯಾಯಕ್ಕೆ ಒಳಗಾದವನು ದನಿ ಎತ್ತಿದರೆ ಅದು ಅಸಭ್ಯತೆಯಾಗುವುದಿಲ್ಲ. ಅಂಬೇಡ್ಕರರು ಸತ್ಯವನ್ನು ಸಕ್ಕರೆಯಲ್ಲಿ ಅದ್ದಿ ಹೇಳಿದವರಲ್ಲ. ಪ್ರವಾದಿ ನಾತಾನನೂ ಹಾಗೆಯೇ. ಅರಸ ದಾವೀದನ ಮಹಾಪಾಪವನ್ನು ಅವನು ಮುಚ್ಚಿಡಲಿಲ್ಲ. ಆದರೆ ಬೀದಿಯಲ್ಲಿ ಕೂಗಲೂ ಇಲ್ಲ. ಅರಸನ ಎದುರಿಗೇ ಹೋಗಿ, ಬಡವನ ಕುರಿಮರಿಯ ಕಥೆ ಹೇಳಿ, ದಾವೀದನ ಬಾಯಿಂದಲೇ ತೀರ್ಪು ಹೊರಡಿಸಿ, ಆಮೇಲೆ ಆ ಮನುಷ್ಯ ನೀನೇ ಎಂದ. ಅದಕ್ಕಿಂತ ಕಠಿಣವಾದ ಮಾತಿಲ್ಲ. ಆದರೂ ಆ ಮಾತಿನ ಗುರಿ ದಾವೀದನನ್ನು ಉಳಿಸುವುದಾಗಿತ್ತು.

ಸಂತ ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ಪ್ರಭು ಯೇಸು ಇದನ್ನೇ ಕಲಿಸುತ್ತಾರೆ. ಸಹೋದರ ತಪ್ಪು ಮಾಡಿದರೆ ಸುಮ್ಮನಿರು ಎನ್ನುವುದಿಲ್ಲ. ಮೊದಲು ಅವನಲ್ಲಿಗೇ ಹೋಗಿ, ನೀವಿಬ್ಬರೇ ಇರುವಾಗ ಹೇಳು ಎನ್ನುತ್ತಾರೆ. ಅವನು ಕೇಳಿದರೆ ನಿನಗೆ ಸಿಗುವ ಲಾಭ ವಾದದ ಗೆಲುವಲ್ಲ, ಸಹೋದರನೇ. ಜಗದ್ಗುರು ಫ್ರಾನ್ಸಿಸ್‌ರವರು 2020ರ ಅಕ್ಟೋಬರ್ 3ರಂದು ಸಹಿ ಮಾಡಿದ 'ಫ್ರಾತೆಲ್ಲಿ ತುತ್ತಿ' ಎಂಬ ವಿಶ್ವಪತ್ರದಲ್ಲೂ, ಸಾಮಾಜಿಕ ಜಾಲತಾಣಗಳ ಬಿರುಸಿನ ಅಭಿಪ್ರಾಯ ವಿನಿಮಯವನ್ನು ಸಂವಾದವೆಂದು ತಪ್ಪಾಗಿ ತಿಳಿಯಲಾಗುತ್ತಿದೆ ಎಂದು ಎಚ್ಚರಿಸಿದ್ದಾರೆ. ಅಲ್ಲಿ ಪ್ರತಿಯೊಬ್ಬರೂ ತಮಗೆ ತಾವೇ ಮಾತನಾಡುತ್ತಿರುತ್ತಾರೆ, ಕೇಳುವವರು ಯಾರೂ ಇರುವುದಿಲ್ಲ.

ಶಾಸನಸಭೆಗಳಲ್ಲಿ ಒಂದು ಹಳೆಯ ಪದ್ಧತಿ ಇದೆ. ಸದಸ್ಯರು ಪರಸ್ಪರ ನೇರವಾಗಿ ಮಾತಿಗೆ ಮಾತು ಬೆಳೆಸುವಂತಿಲ್ಲ; 'ಮಾನ್ಯ ಅಧ್ಯಕ್ಷರೇ' ಎಂದು ಪೀಠದ ಮೂಲಕವೇ ಹೇಳಬೇಕು. ನಮ್ಮ ಹಳ್ಳಿಗಳ ಪಂಚಾಯಿತಿ ಕಟ್ಟೆಯಲ್ಲೂ ಹಾಗೆಯೇ. ಇಬ್ಬರ ಜಗಳದ ನಡುವೆ ಒಬ್ಬ ಹಿರಿಯರು ಕುಳಿತಿರುತ್ತಾರೆ. ಮಾತು ಎದುರಾಳಿಯನ್ನೇ ತಲುಪುತ್ತದೆ, ಆದರೆ ಹಿರಿಯರನ್ನು ಹಾದು ಹೋಗುವಾಗ ಅದರ ಬಿಸಿ ಆರುತ್ತದೆ. ವಾಟ್ಸಾಪ್ ಗುಂಪಿನಲ್ಲಿ ನೋಡುವವರು ನೂರಾರು ಮಂದಿ ಇರಬಹುದು. ಬಿಸಿ ಆರಿಸುವ ಆ ಹಿರಿಯರು ಇರುವುದಿಲ್ಲ.

ನಮ್ಮ ಮನೆಯ ಜಗಲಿಯಿಂದ

ಸಂಸತ್ತನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ ಎನ್ನಬಹುದು. ಆದರೆ ಸಂಸತ್ತಿಗೆ ಜನರನ್ನು ಕಳುಹಿಸುವುದು ನಾವು; ಅವರ ಯಾವ ಮಾತಿಗೆ ಚಪ್ಪಾಳೆ ಬೀಳುತ್ತದೆ ಎಂದು ತೀರ್ಮಾನಿಸುವವರೂ ನಾವೇ. ಬೈದವರ ವಿಡಿಯೋವನ್ನು ಮುಂದೆ ಕಳುಹಿಸದೆ ಅಲ್ಲಿಗೇ ನಿಲ್ಲಿಸುವುದು ಒಂದು ಸಣ್ಣ ಕೆಲಸ. ಓಟು ಕೇಳಲು ಬಂದವರನ್ನು "ಎದುರಿನವರ ಬಗ್ಗೆ ಬೇಡ, ನಮ್ಮ ಊರಿನ ನೀರಿನ ಬಗ್ಗೆ ಹೇಳಿ" ಎಂದು ಕೇಳುವುದು ಇನ್ನೊಂದು. ಮಕ್ಕಳು ನೋಡುತ್ತಿರುವಾಗ ಬೇರೆ ಪಕ್ಷದವರ ಬಗ್ಗೆ ನಾವು ಹೇಗೆ ಮಾತನಾಡುತ್ತೇವೆ ಎಂಬುದು ಎಲ್ಲಕ್ಕಿಂತ ದೊಡ್ಡ ಪಾಠ. ಕಿರು ಕ್ರೈಸ್ತ ಸಮುದಾಯದ ಸಭೆಗಳಲ್ಲಿ ಭಿನ್ನವಾಗಿ ಯೋಚಿಸುವವರ ಮಾತನ್ನು ಪೂರ್ತಿ ಕೇಳಿ, ಅವರು ಹೇಳಿದ್ದೇನೆಂದು ಅವರು ಒಪ್ಪುವಂತೆ ತಿರುಗಿ ಹೇಳಿ, ಆಮೇಲೆ ಉತ್ತರ ಕೊಡುವ ಅಭ್ಯಾಸ ಮಾಡಿಕೊಳ್ಳೋಣ.

ಇನ್ನು ಆ ತಾಯಿಯ ವಿಷಯ. ಅವರು ಯಾರನ್ನೂ ಪಂಚಾಯಿತಿಗೆ ಕರೆಯಲಿಲ್ಲ. ಕಿರಿಯ ಮಗನಿಗೆ ಒಂದೇ ಮಾತು ಹೇಳಿದರಂತೆ: "ನೀನು ಬರೆದದ್ದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಆದರೆ ಅದನ್ನು ಅಣ್ಣನ ಮುಖ ನೋಡಿಕೊಂಡು ಹೇಳು. ಹೇಳಲು ಆಗದಿದ್ದರೆ ಅದು ಹೇಳುವ ಮಾತಲ್ಲ." ಅವನು ಹಲವು ತಿಂಗಳು ಹೋಗಲಿಲ್ಲ. ಕೊನೆಗೊಮ್ಮೆ ಹೋದಾಗ, ಆ ಪದ ಅವನ ಬಾಯಿಂದ ಹೊರಡಲೇ ಇಲ್ಲ. ಮುಂದಿನ ವರ್ಷದ ತೆನೆ ಹಬ್ಬಕ್ಕೆ ನನಗೆ ಆ ಮನೆಯಿಂದ ಮತ್ತೆ ಕರೆ ಬಂತು. ಜಗಲಿಯಲ್ಲಿ ಕಾಲಿಡುವಾಗಲೇ ಅಣ್ಣತಮ್ಮಂದಿರ ಜೋರು ದನಿ ಕೇಳಿಸಿತು. ಗಾಬರಿಯಿಂದ ತಾಯಿಯ ಮುಖ ನೋಡಿದೆ.

"ಏನಿಲ್ಲ ಸ್ವಾಮಿ, ರಾಜಕೀಯ ಮಾತನಾಡುತ್ತಿದ್ದಾರೆ. ನೀವು ಬನ್ನಿ, ಎಲೆ ಹಾಕಿದ್ದೇನೆ" ಎಂದರು ಅವರು.

ಅಂತಹ ಜಗಲಿಗಳು ನಮ್ಮ ಮನೆಗಳಲ್ಲಿ, ನಮ್ಮ ಊರುಗಳಲ್ಲಿ, ನಮ್ಮ ಶಾಸನಸಭೆಗಳಲ್ಲಿ ಮತ್ತೆ ತೆರೆಯಲಿ ಎಂದು ಪ್ರಾರ್ಥಿಸೋಣ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.